ಟೆಂಪೋಗೆ ಕಟ್ಟಿದ ಹಗ್ಗ

"ಬಿಚ್ಚು, ಬಿಚ್ಚು! ಇದೂ ಒಂದು ಗಂಟಾ? ಪೂರ್ತಿ ಸಡಿಲ ಇದೆ!" ಅಪ್ಪ ಕೂಗಿದರು.

ಡ್ರೈವರ್ ಹಣೆ ಚಚ್ಚಿಕೊಂಡ. "ಸಾರ್, ಮೂರನೇ ಸಲ ಬಿಚ್ಚಿಸ್ತಿದೀರಿ. ನಾನು ಸಾಗಿಸ್ತಿರೋದು ಮಂಚಾನೋ, ಆನೇನೋ?"

ಟೆಂಪೋದ ಮೇಲೆ ಮಂಚ, ಬೀರು, ಫ್ಯಾನು, ಬಕೆಟ್ಟು ಎಲ್ಲ ಏರಿ ಕೂತಿದ್ದವು. ಪಕ್ಕದ ಮನೆಯ ವೈರ್ ಮಾಮನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತ್ತು. ಅತ್ತೆ ನಿನ್ನೆಯೇ ಹೋಗಿದ್ದರು. ಮಾಮ ಎಲೆಕ್ಟ್ರಿಷಿಯನ್, ಅಪ್ಪ ಪೇಂಟರ್. ಹದಿನೈದು ವರ್ಷ ಒಂದೇ ಏಣಿಗೆ ಕಿತ್ತಾಡುತ್ತ ಕೆಲಸ ಮಾಡಿದ ದೋಸ್ತರು.

ಡ್ರೈವರನ ಮಾತಿಗೆ ಮಾಮನ ಮಗ ಬಲ್ಬು ಕಿಸಕ್ಕನೆ ನಕ್ಕ. ಪೇಂಟರ್ ಮಗ ಪೆನ್ಸಿಲ್ ನಗಲಿಲ್ಲ. ಕಡ್ಡಿಯಂತಿದ್ದ ಅವನಿಗೆ ಆ ಹೆಸರಿಟ್ಟವನೇ ಬಲ್ಬು. ಬೆಳಿಗ್ಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮೂಗು ಸುರಿಸುತ್ತ ಅಳುತ್ತಿದ್ದಾಗ ಅಪ್ಪ ನೋಡಿಬಿಟ್ಟಿದ್ದರು.

"ಥೂ, ಏನೋ ಇದು? ಗಂಡು ಹುಡುಗ ಹೀಗೆಲ್ಲ ಅಳ್ತಾನೇನೋ? ಏಳು ಮೇಲೆ!"

ಆಮೇಲೆ ಪೆನ್ಸಿಲ್ ಬಲ್ಬುವಿನ ಹತ್ತಿರ ಸುಳಿದೇ ಇರಲಿಲ್ಲ. ಹೋದರೆ ಮತ್ತೆ ಅಳು ಬರುವುದು ಗ್ಯಾರಂಟಿ. ಹೀಗಾಗಿ ಅವನಿಗೆ ಒಂದು ಟಾಟಾ ಕೂಡ ಹೇಳಿರಲಿಲ್ಲ.

ಅಪ್ಪ ತಾವೇ ಹಗ್ಗ ಬಿಗಿದು ಕಟ್ಟಿದರು.

"ಟೆಸ್ಟರ್ ಇಟ್ಕೊಂಡ್ಯಾ?"

"ಜೇಬಲ್ಲೇ ಇದೆ," ಎಂದರು ಮಾಮ.

"ಸರಿ."

"ಸರಿ ಬಿಡು."

ಅಷ್ಟೇ! ಹದಿನೈದು ವರ್ಷಕ್ಕೆ ಇಷ್ಟೇನಾ ಮಾತು ಅಂತ ಪೆನ್ಸಿಲ್‌ಗೆ ಆಶ್ಚರ್ಯವಾಯಿತು.

ಟೆಂಪೋ ಹೊರಟಿತು. ಕಿಟಕಿಯಿಂದ ಬಲ್ಬು ಇವನನ್ನೇ ನೋಡುತ್ತಿದ್ದ. ಪೆನ್ಸಿಲ್ ಕೈ ಎತ್ತಬೇಕೆಂದುಕೊಂಡ, ಎತ್ತಲು ಆಗಲಿಲ್ಲ. ಅಯ್ಯೋ, ಹೋಗೇಬಿಟ್ಟನಲ್ಲ!

"ಏಯ್, ನಿಲ್ಸು! ನಿಲ್ಸೋ!"

ಅಪ್ಪ ಚಪ್ಪಲಿ ಅಲ್ಲೇ ಬಿಟ್ಟು ಓಡುತ್ತಿದ್ದರು. ಪೆನ್ಸಿಲ್ ಕೂಡ ಹಿಂದೆಯೇ ಓಡಿದ. ಬೀದಿಯ ತಿರುವಿನಲ್ಲಿ ಟೆಂಪೋ ನಿಂತಿತು. ಮಾಮ ಇಳಿದು ಬಂದರು.

"ಹಗ್ಗ... ಹಗ್ಗ ಸಡಿಲ ಇದೆ," ಎಂದರು ಅಪ್ಪ, ಏದುಸಿರು ಬಿಡುತ್ತ.

ಪೆನ್ಸಿಲ್ ಹಗ್ಗ ಜಗ್ಗಿ ನೋಡಿದ. ಕಲ್ಲಿನ ಹಾಗೆ ಬಿಗಿಯಾಗಿತ್ತು. ಮಾಮನೂ ಜಗ್ಗಿ ನೋಡಿದರು.

"ಹೌದು ಕಣೋ," ಎಂದರು. "ತುಂಬಾನೇ ಸಡಿಲ ಇದೆ."

ಇಬ್ಬರೂ ಹಗ್ಗವನ್ನೇ ನೋಡುತ್ತ ನಿಂತರು. ಗಂಟಿಗೆ ಯಾರೂ ಕೈ ಹಾಕಲಿಲ್ಲ. ಅಪ್ಪನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದು ಬೆವರಂತೂ ಅಲ್ಲ.

ಪೆನ್ಸಿಲ್ ಮೆಲ್ಲಗೆ ಡ್ರೈವರ್ ಹತ್ತಿರ ಹೋದ.

"ಅಣ್ಣಾ, ಇಂಜಿನ್ ಆಫ್ ಮಾಡಿ. ಸ್ವಲ್ಪ ಹೊತ್ತಾಗುತ್ತೆ."

"ಮತ್ತೆ ಹಗ್ಗಾನಾ?"

"ಹೂಂ. ಹಗ್ಗಾನೇ."

ಆಮೇಲೆ ಅವನು ಬಾಗಿಲು ತೆಗೆದು ಬಲ್ಬುವಿನ ಪಕ್ಕ ಹತ್ತಿ ಕೂತ. ಇಬ್ಬರೂ ತಬ್ಬಿಕೊಂಡು ಜೋರಾಗಿಯೇ ಅತ್ತರು. ಸದ್ದು ಕೇಳಿ ಅಪ್ಪ ತಿರುಗಿ ನೋಡಿದರು, ಆಮೇಲೆ ಮತ್ತೆ ಹಗ್ಗದ ಕಡೆಗೇ ತಿರುಗಿದರು.