ಹೋಗಿ ಬಂದರೆ ಎಷ್ಟು ಜೀಕು?

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆಯ ಎಡಭಾಗ ಬೋಳಿಸಿಕೊಳ್ಳುತ್ತೇನೆ. ಬಲಭಾಗ ಹೋದ ಸಲದ ಕತೆಗೆ ಹೋಯಿತು. ನಿನ್ನ ತಮ್ಮ ಅಲ್ಲಿ ಉಯ್ಯಾಲೆ ಮೇಲೆ ಕೂತು ಕೂಗಿಕೊಳ್ಳಲಿ ಬಿಡು. ನೀನು ಈ ಶಾಲೆಯ ಕತೆ ಕೇಳು.

“ಹತ್ತಾಯ್ತು! ಇಳಿಯೋ!”

“ಐದೇ ಆಗಿರೋದು! ಎಣಿಸೋಕೆ ಬರಲ್ವಾ ನಿಂಗೆ?”

ಆ ಶಾಲೆಗೆ ಇದ್ದದ್ದು ಒಂದೇ ಉಯ್ಯಾಲೆ. ಒಬ್ಬರಿಗೆ ಹತ್ತು ಜೀಕು. ಮುಂದೆ ಹೋಗಿ ಹಿಂದೆ ಬಂದರೆ ಒಂದು ಜೀಕು ಎಂದು ಕೂತವರು. ಹೋದದ್ದೊಂದು, ಬಂದದ್ದೊಂದು, ಒಟ್ಟು ಎರಡು ಎಂದು ಕಾಯುವವರು. ಕಾಯುವವರು ಹತ್ತಿ ಕೂತೊಡನೆ ಅವರ ಲೆಕ್ಕವೂ ಬದಲಾಗುತ್ತಿತ್ತು.

ಗಲಾಟೆ ಕೇಳಿ ದೊಡ್ಡ ಟೀಚರ್ ಬಂದರು. “ಶುಕ್ರವಾರದೊಳಗೆ ಈ ಜಗಳ ನಿಲ್ಲದಿದ್ರೆ ಉಯ್ಯಾಲೆ ಬಿಚ್ಚಿಸ್ಬಿಡ್ತೀನಿ, ಅಷ್ಟೇ.”

ಐದನೇ ಕ್ಲಾಸಿನ ಲೀಡರ್ ಕೂಡಲೇ ನೋಟ್‌ಬುಕ್ ತೆಗೆದಳು. ಎಲ್ಲದಕ್ಕೂ ಪಟ್ಟಿ ಮಾಡುತ್ತಿದ್ದರಿಂದ ಅವಳನ್ನು ಎಲ್ಲರೂ ಪಟ್ಟಿ ಎಂದೇ ಕರೆಯುತ್ತಿದ್ದರು. ಉಯ್ಯಾಲೆ ತೀರಾ ಮೇಲೆ ಹೋದಾಗ ಕಾಂಪೌಂಡಿನ ಆಚೆ, ಬಟ್ಟೆ ಹೊಲಿಯುವ ಫ್ಯಾಕ್ಟರಿಯ ಕಿಟಕಿಯಲ್ಲಿ ಅವಳ ಅಮ್ಮ ಕಾಣುತ್ತಿದ್ದಳು. ಕೈ ಬೀಸುತ್ತಿದ್ದಳು. ಉಯ್ಯಾಲೆ ಹೋದರೆ ಸಂಜೆಯವರೆಗೂ ಅಮ್ಮ ಇಲ್ಲ.

“ಇನ್ಮೇಲೆ ಎಲ್ಲ ನನ್ನ ಕಂಟ್ರೋಲು,” ಎಂದಳು ಪಟ್ಟಿ.

ಉಯ್ಯಾಲೆ ಬೇಕಾದವರು ಅರ್ಜಿ ಬರೆಯಬೇಕು. ಇಬ್ಬರ ಸಹಿ ಹಾಕಿಸಬೇಕು. ಆಮೇಲೆ ಚೀಟಿ. ಚೀಟಿ ಕೊಡಲು ಒಬ್ಬ, ಜೀಕು ಎಣಿಸಲು ಒಬ್ಬ, ಎಣಿಸುವವನು ತೂಕಡಿಸದಂತೆ ನೋಡಿಕೊಳ್ಳಲು ಇನ್ನೊಬ್ಬ. ಮಂಗಳವಾರದ ಮೊದಲ ಅರ್ಜಿಯಲ್ಲಿ “ಉಯ್ಯಾಲೆ”ಗೆ ಯಕಾರದ ಒತ್ತು ಇರಲಿಲ್ಲ. ತಿದ್ದಿ ತರುವಷ್ಟರಲ್ಲಿ ಬೆಲ್ಲು ಹೊಡೆಯಿತು.

ಅಂದು ಉಯ್ಯಾಲೆ ಮೇಲೆ ಕೂತದ್ದು ಒಂದು ಕಾಗೆ ಮಾತ್ರ. ಅದರ ಹತ್ತಿರ ಚೀಟಿ ಇರಲಿಲ್ಲ. ಪಟ್ಟಿ ಅದಕ್ಕೂ ನೋಟಿಸ್ ಬರೆದಳು.

“ನಿನ್ನ ರೂಲ್ಸಿಂದಾನೇ ಹಿಂಗಾಗಿದ್ದು ಕಣೆ,” ಎಂದ ಡೀಲು. ಅವನು ಪೆನ್ಸಿಲ್ ಕೊಟ್ಟು ಪೆನ್ನು ಪಡೆದವನು, ಪೆನ್ನು ಕೊಟ್ಟು ಛತ್ರಿ ಪಡೆದವನು. “ಎಲ್ರಿಗೂ ಒಂದೊಂದು ಚೀಟಿ ಕೊಟ್ಟು ಸುಮ್ನಿರು. ಬೇಕಾದೋರು ತಗೋತಾರೆ, ಬೇಡದೋರು ಮಾರ್ತಾರೆ. ಮಾರ್ಕೆಟ್ಟು ತಾನಾಗೇ ಸರಿ ಮಾಡತ್ತೆ.”

“ಯಾರದು ಮಾರ್ಕೆಟ್ಟು? ಯಾವ ಕ್ಲಾಸು?”

“ಅದು ಕಾಣಿಸಲ್ಲ ಕಣೆ!”

ಎಲ್ಲರಿಗೂ ಚೀಟಿ ಹಂಚಿದ್ದಾಯಿತು. ಬುಧವಾರ ಬೆಳಿಗ್ಗೆ ಒಂದು ಚೀಟಿಗೆ ಒಂದು ರಬ್ಬರ್. ಮಧ್ಯಾಹ್ನಕ್ಕೆ ಒಂದು ಜಾಮಿಟ್ರಿ ಬಾಕ್ಸ್. ಗುರುವಾರ ಒಬ್ಬ ಎಡಗಾಲಿನ ಶೂ ಕೊಟ್ಟು ಕುಂಟುತ್ತಾ ಮನೆಗೆ ಹೋದ. ಇನ್ನೊಬ್ಬಳು ಹೋಂವರ್ಕ್ ಕೊಟ್ಟಳು. ಅದನ್ನು ಕೊಂಡವನಿಗೆ ಬೈಗುಳವೂ ಫ್ರೀಯಾಗಿ ಸಿಕ್ಕಿತು. ನಾಳೆ ರೇಟು ಇನ್ನೂ ಏರುತ್ತದೆಂದು ಎಲ್ಲರೂ ಚೀಟಿಯನ್ನು ಜೇಬಿನಲ್ಲಿಟ್ಟು ಕೂತರು. ಉಯ್ಯಾಲೆ ಹತ್ತಿದರೆ ಚೀಟಿ ಖರ್ಚಾಗುತ್ತದಲ್ಲ!

ಕಾಗೆ ಈ ಸಲ ಹೆಂಡತಿಯನ್ನೂ ಕರೆತಂದಿತ್ತು.

ಶುಕ್ರವಾರ ಪಟ್ಟಿ “ಕಂಟ್ರೋಲ್!” ಎಂದರೆ ಡೀಲು “ಮಾರ್ಕೆಟ್!” ಎನ್ನುತ್ತಿದ್ದ. ಇಬ್ಬರ ಹಿಂದೆಯೂ ಅರ್ಧರ್ಧ ಶಾಲೆ ನಿಂತು ಕಿರುಚುತ್ತಿತ್ತು. ದೊಡ್ಡ ಟೀಚರ್ ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಂದೇಬಿಟ್ಟರು.

ಅಷ್ಟರಲ್ಲಿ ಒಂದನೇ ಕ್ಲಾಸಿನ ಪುಟಾಣಿಯೊಬ್ಬಳು ಉಯ್ಯಾಲೆ ಹತ್ತಿ ಕೂತಿದ್ದಳು. ಮುಂದಿನ ಹಲ್ಲು ಎರಡೂ ಇರಲಿಲ್ಲ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

“ಅಕ್ಕಾ, ತಳ್ಳು.”

“ಚೀಟಿ ಎಲ್ಲಿ ಪುಟ್ಟಾ?”

“ತಿಂದ್ಬಿಟ್ಟೆ.”

ಪಟ್ಟಿ ನೋಟ್‌ಬುಕ್ ತೆರೆದಳು. ಚೀಟಿ ತಿಂದವರಿಗೆ ರೂಲ್ಸ್ ಇರಲಿಲ್ಲ. ಡೀಲು ತಲೆ ಕೆರೆದುಕೊಂಡ. ಹೊಟ್ಟೆಯೊಳಗಿನ ಚೀಟಿಗೆ ರೇಟೂ ಇರಲಿಲ್ಲ.

“ತಳ್ಳಕ್ಕಾ!”

ಪಟ್ಟಿ ತಳ್ಳಿದಳು.

“ಒಂದು, ಎಲಡು, ಮೂಲು, ಐದು! ಆಯ್ತು!” ಪುಟಾಣಿಗೆ ಗೊತ್ತಿದ್ದದ್ದು ಅಷ್ಟೇ. ಅದೂ ಹೋದಾಗ ಅಲ್ಲ, ಬಂದಾಗ ಅಲ್ಲ, ನೆನಪಾದಾಗ ಎಣಿಸಿದ್ದು. ದುಬುಕ್ಕನೆ ಇಳಿದು, “ತಳ್ಳಿದ್ದು ನೀನಲ್ವಾ? ನೀನೇ ಕೂತ್ಕೋ. ನಾನು ಎಣಿಸ್ತೀನಿ,” ಎಂದಳು.

“ನನ್ನನ್ನ ಯಾರು ತಳ್ತಾರೆ?”

ಎಲ್ಲರೂ ಡೀಲು ಕಡೆ ನೋಡಿದರು.

“ಏನು ಕೊಡ್ತೀಯ?” ಎಂದವನು ತಾನೇ ನಕ್ಕು, ಅವಳ ಬೆನ್ನ ಹಿಂದೆ ಹೋಗಿ ನಿಂತ. ಅವನ ಹಿಂದೆ ಶೂ ಇಲ್ಲದವನು. ಅವನ ಹಿಂದೆ ಇಡೀ ಶಾಲೆ. ಎಲ್ಲರ ಕೊನೆಗೆ, ಸ್ಪ್ಯಾನರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ದೊಡ್ಡ ಟೀಚರ್.

ಉಯ್ಯಾಲೆ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಯಿತು. ಕಿಟಕಿಯಲ್ಲಿ ಅಮ್ಮ ಹೊಲಿಗೆ ನಿಲ್ಲಿಸಿ ಎರಡೂ ಕೈ ಬೀಸಿದಳು.

“ಮೂಲು, ಐದು! ಆಯ್ತು!”

ಹೋಗಿ ಬಂದದ್ದು ಒಂದೋ ಎರಡೋ ಎಂದು ಪಟ್ಟಿ ಕೇಳಲಿಲ್ಲ. ಇಳಿದಳು. ಡೀಲು ಕೂರುವಾಗ ಹಗ್ಗ ಅಲ್ಲಾಡದಂತೆ ಹಿಡಿದುಕೊಂಡಳು.

ಈಗ ಮುಖ್ಯವಾದ ಮಾತಿಗೆ ಬರೋಣ. ಕಂಟ್ರೋಲ್ ಅಂದರೇನು, ಮಾರ್ಕೆಟ್ ಅಂದರೇನು, ಇವೆರಡರ ಮಧ್ಯೆ ಇರುವ ಅತಿ ದೊಡ್ಡ ಗುಟ್ಟು ಏನಪ್ಪಾ ಅಂದರೆ... ಏಯ್, ಎಲ್ಲಿಗೆ ಹೊರಟೆ? ನಿನ್ನ ತಮ್ಮ ಆಗಿಂದ ಕೂಗ್ತಾನೇ ಇದ್ದಾನೆ, ಇನ್ನೆರಡು ನಿಮಿಷ ಕೂಗಿದರೆ ಏನೂ ಆಗಲ್ಲ! ನೀನು ತಳ್ಳೋಕೆ ಮುಂಚೆ ಇದೊಂದು ಕೇಳಿಸಿಕೋ, ಆ ಗುಟ್ಟು ಇರುವುದು...