ಬೋರಲು ಬಿದ್ದ ಮಡಕೆ

ಕಾನ್ಪುರದ ಜಾಜ್‌ಮೌದಲ್ಲಿ ನನ್ನ ಅಣ್ಣ ಇಸ್ರಾರ್ ತೊಗಲು ಹದಮಾಡುವ ಕಾರ್ಖಾನೆಯ ಸುಣ್ಣದ ಗುಂಡಿಯಲ್ಲಿ ದುಡಿಯುತ್ತಿದ್ದ. ಸುಣ್ಣ ಅವನ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಪಡಿತರ ಅಂಗಡಿಯ ಯಂತ್ರಕ್ಕೆ ಅವನ ಗುರುತೇ ಸಿಗುತ್ತಿರಲಿಲ್ಲ. "ಬದುಕಿರುವಾಗ್ಲೇ ದೆವ್ವ ಆಗ್ಬಿಟ್ಟೆ ಕಣೋ," ಎಂದು ನಗುತ್ತಿದ್ದ. ಹೋದ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ, ಅಂಗಳದ ಕೈಪಂಪಿನಿಂದ ತುಂಬಿಟ್ಟ ಮಡಕೆ ದಿನವೂ ಮಧ್ಯಾಹ್ನ ಬೋರಲು ಬಿದ್ದಿರುತ್ತಿತ್ತು. ನೀರು ಚೆಲ್ಲಿ ಒಣಗಿದ ಕಡೆ ನೆಲ ಕಾರ್ಖಾನೆಯ ಮೋರಿಯ ದಂಡೆಯಂತೆ ಹಳದಿಯಾಗುತ್ತಿತ್ತು.

"ನಿಮ್ಮ ಬೆಕ್ಕಿಗೆ ಬಾಯಾರಿಕೆ ಜಾಸ್ತಿ, ಭಾಭಿ," ಎಂದೆ ಅತ್ತಿಗೆಗೆ.

"ಬೆಕ್ಕಾಗಿದ್ರೆ ಒಡೆದುಹಾಕ್ತಿತ್ತು, ಭಯ್ಯಾ. ಇಲ್ನೋಡು." ಅತ್ತಿಗೆ ಮಡಕೆ ಎತ್ತಿ ತೋರಿಸಿದರು. ಅದರ ಮೇಲೆ ಸುಣ್ಣ ಮೆತ್ತಿದ ಐದು ಬೆರಳುಗಳ ಗುರುತಿತ್ತು. ಒಂದರಲ್ಲೂ ಗೆರೆಗಳಿರಲಿಲ್ಲ. "ಮಗೂಗೆ ಈ ನೀರು ಕುಡಿಸ್ಬೇಡ ಅಂತಿದಾರೆ ನಿಮ್ಮಣ್ಣ."

ಅವರ ಮಗಳು ಶಿಫಾಳ ಮೈಮೇಲೆ ಆಗಲೇ ಹುಣ್ಣುಗಳೆದ್ದಿದ್ದವು. ಅಂದಿನಿಂದ ನಾನು ದೂರದ ಬಡಾವಣೆಯ ನಲ್ಲಿಯಿಂದ ನೀರು ಹೊತ್ತು ತರುತ್ತಿದ್ದೆ. ಆ ನೀರು ತುಂಬಿದ ಮಡಕೆ ಬೇಸಿಗೆಯಿಡೀ ನೆಟ್ಟಗೆ ನಿಂತಿತ್ತು.

ನಿನ್ನೆ ಮಧ್ಯಾಹ್ನ ಅದು ಮತ್ತೆ ಬೋರಲು ಬಿದ್ದಿತ್ತು. ನಲ್ಲಿಯ ನೀರು ಒಣಗಿದ ಕಡೆಯೂ ನೆಲ ಹಳದಿಯಾಗಿತ್ತು.

"ಇನ್ನು ಎಲ್ಲಿಂದ ತರ್ತೀಯ, ಭಯ್ಯಾ?" ಎಂದರು ಅತ್ತಿಗೆ.

ಒಳಗೆ ಶಿಫಾ ನೀರು ಕೇಳುತ್ತಿದ್ದಳು.