ಅವಳನ್ನು ಯಾರೂ ಕೇಳಲಿಲ್ಲ

"ನನ್ನ ಜಾಗಾದಾಗ ಬಂದು ಒಂದು ವರ್ಷ ಓದಿದ್ರಿ. ಚಲೋ ಅನಸ್ತೇನ್ರಿ?"

ಚಹಾದ ಕಪ್ಪು ತುಟಿಗೆ ತಲುಪುವ ಮೊದಲೇ ಸುಕೇಶನ ಕೈ ನಿಂತುಬಿಟ್ಟಿತು.

ಎದುರಿಗೆ ನಿಂತಿದ್ದವಳು ವೇದಾವತಿ. ಧಾರವಾಡದವಳು, ಖಜಾನೆ ಇಲಾಖೆಯ ಅಧಿಕಾರಿ. ಸರ್ಕಾರಿ ಅಧಿಕಾರಿಗಳು ಹೊರದೇಶದಲ್ಲಿ ಅರ್ಥಶಾಸ್ತ್ರ ಓದಲೆಂದು ಕೊಡುವ ಸ್ಕಾಲರ್‌ಶಿಪ್ ಪಡೆದು ಮೆಲ್ಬರ್ನ್‌ಗೆ ಬಂದು ಇನ್ನೂ ವಾರ ಕಳೆದಿರಲಿಲ್ಲ. ಅದು 2007ರ ಫೆಬ್ರವರಿ. ವಿಶ್ವವಿದ್ಯಾಲಯದ ಸ್ವಾಗತ ಕೂಟದಲ್ಲಿ ಹೊಸಬರಿಗೆ ಹಳಬರನ್ನು ಪರಿಚಯ ಮಾಡಿಕೊಡುತ್ತಿದ್ದರು. 'ಇವರು ಸುಕೇಶ್, ಉಡುಪಿಯವರು, ನಿಮ್ಮ ರಾಜ್ಯದವರೇ' ಎಂದದ್ದೇ ತಡ, ಅವಳ ಮೈಯೆಲ್ಲ ಉರಿದುಹೋಗಿತ್ತು.

"ನೀವು... ವೇದಾವತಿ ಅಲ್ವಾ?"

"ಹೌದ್ರಿ. ಹೋದ ವರ್ಷ ಆಯ್ಕಿ ಆಗಿದ್ದಾಕಿ. ಇನ್ನೇನು ವಿಮಾನ ಹತ್ತಬೇಕು ಅನ್ನೂದ್ರಾಗ ಹೆಸರು ತಗದು ನಿಮ್ಮನ್ನ ಕಳಿಸಿದ್ರಲ್ಲ, ಅದ ವೇದಾವತಿ."

"ನನಗೆ ಗೊತ್ತುಂಟು," ಎಂದ ಅವನು ತಲೆ ತಗ್ಗಿಸಿ.

ಅಷ್ಟೇ.

ಗೊತ್ತಿದೆಯಂತೆ... ತಪ್ಪಾಯಿತು ಅನ್ನುವಷ್ಟೂ ಮರ್ಯಾದೆ ಇಲ್ಲವಲ್ಲ ಇವನಿಗೆ! ಅವಳು ತಿರುಗಿ ನೋಡದೆ ಹೊರಟುಹೋದಳು.

ಸುಕೇಶ್ ಕೆಲಸ ಮಾಡುತ್ತಿದ್ದುದು ಈ ಆಯ್ಕೆ ನಡೆಯುವ ಬೆಂಗಳೂರಿನ ಕಚೇರಿಯಲ್ಲೇ. ಆಯ್ಕೆಪಟ್ಟಿಯಲ್ಲಿ ಅವಳ ನಂತರ ಇದ್ದವನೂ ಅವನೇ. ಹೆಸರು ತೆಗೆದದ್ದೇಕೆಂದು ಕಚೇರಿಯವರು ಅವಳಿಗೆ ತಿಳಿಸಿರಲಿಲ್ಲ. ಒಳಗಿದ್ದುಕೊಂಡೇ ಕೈಯಾಡಿಸಿದ್ದಾನೆ ಎಂದು ಎಲ್ಲರೂ ಹೇಳಿದ್ದರು. ಅವಳೂ ನಂಬಿದ್ದಳು. ಆ ವರ್ಷವೆಲ್ಲ ಬೀದರಿನ ಖಜಾನೆಯಲ್ಲಿ ಕೂತು ಅವನ ಮೇಲೆ ಹಲ್ಲು ಕಡಿದಿದ್ದಳು.

ಸಮಾಧಾನ ಹೇಳಿದ್ದು ಸೋದರಮಾವ ಶಿವಲಿಂಗಪ್ಪ ಒಬ್ಬರೇ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿ, ಓದಿಸಿದವರು ಅವರೇ. 'ಹೋಗ್ಲಿ ಬಿಡವಾ, ದೇವರು ಬ್ಯಾರೆ ದಾರಿ ತೋರಸ್ತಾನ' ಎಂದು ಕಣ್ಣೊರೆಸಿ, ಮರುವಾರವೇ ಒಂದು ಗಂಡು ತಂದಿದ್ದರು. ಆ ಸಂಬಂಧವೂ ಕೂಡಿಬರಲಿಲ್ಲ. ವೇದಾವತಿ ಹಟ ಹಿಡಿದು ಮತ್ತೆ ಅರ್ಜಿ ಹಾಕಿದಳು. ಈ ಸಲ ಟಿಕೆಟ್ ಕೈಗೆ ಬರುವವರೆಗೆ ಮನೆಯಲ್ಲಿ ಬಾಯಿ ಬಿಡಲಿಲ್ಲ.

ಆದರೆ ಓದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಪುಸ್ತಕ ಮುಚ್ಚಿಟ್ಟು ಎಷ್ಟೋ ವರ್ಷವಾಗಿತ್ತು. ಅರ್ಥಶಾಸ್ತ್ರವೆಂದರೆ ಇಲ್ಲಿ ಬರೀ ಗಣಿತ. ಮೊದಲ ಟೆಸ್ಟಿನಲ್ಲೇ ಫೇಲಾದಳು.

ಲೈಬ್ರರಿಯ ಮೆಟ್ಟಿಲ ಮೇಲೆ ಸುಕೇಶ್ ಎದುರಾದ.

"ಗಣಿತ ನಾನು ಹೇಳಿ ಕೊಡ್ಲಾ?"

"ನಿಮ್ಮ ಉಪಕಾರ ನನಗ ಬ್ಯಾಡ."

ಎರಡು ಹೆಜ್ಜೆ ಇಟ್ಟವಳು ನಿಂತಳು. ಫೇಲಾಗಿ ಊರಿಗೆ ಹೋದರೆ? 'ಆಕಿ ಕೈಲೆ ಆಗೂದಿಲ್ಲ ಅಂತ ಮೊದಲ ಗೊತ್ತಿತ್ತು' ಎನ್ನುವ ಬಾಯಿಗಳೆಲ್ಲ ನೆನಪಾದವು.

"ಕಲಸ್ರಿ," ಎಂದಳು ತಿರುಗಿ. "ಆದ್ರ ನಿಮ್ಮ ಮ್ಯಾಲಿನ ಸಿಟ್ಟು ಹಂಗ ಇರ್ತದ."

"ಇರ್ಲಿ. ಗಣಿತಕ್ಕೂ ಅದಕ್ಕೂ ಸಂಬಂಧ ಇಲ್ಲ."

ಇಬ್ಬರಿಗೂ ರೂಮು ಸಿಕ್ಕಿದ್ದು ಮೆಲ್ಬರ್ನ್ ಹೊರವಲಯದ ವೆರಿಬೀಯಲ್ಲೇ, ಬೇರೆ ಬೇರೆ ಬೀದಿಗಳಲ್ಲಿ. ದಿನಾ ಒಂದೇ ಟ್ರೇನು. ಸಿಟಿ ಬರುವವರೆಗೂ ಜಗಳ.

"ಅಗ್ಗದ ಅಕ್ಕಿ ಕೊಟ್ರೆ ಜನ ಕೆಲಸಕ್ಕೆ ಹೋಗುದಿಲ್ಲ ಅಂತ ಈ ಪುಸ್ತಕ ಹೇಳ್ತದಲ್ವಾ?" ಎಂದು ಒಂದು ದಿನ ಸುಕೇಶ್ ಕೇಳಿದ.

"ಪುಸ್ತಕ ಹೇಳ್ತದ. ಪಿಂಚಣಿ ಬರಲಿಲ್ಲಂತ ಖಜಾನಿ ಕಟ್ಟಿ ಮ್ಯಾಲೆ ಮುಂಜಾನಿಂದ ಕೂತ ಮುದುಕೇರನ್ನ ನೀವು ನೋಡೀರೇನು? ಅವರಿಗೆ ಹೋಗಿ ಹೇಳ್ರಿ ಇದನ್ನ."

ಪಕ್ಕದ ಸೀಟಿನ ಆಸ್ಟ್ರೇಲಿಯನ್ ಅಜ್ಜಿ ಪೇಪರಿನಿಂದ ತಲೆಯೆತ್ತಿದರು. ಸುಕೇಶ್ ವಾದಕ್ಕಿಳಿಯಲಿಲ್ಲ. "ಅವರ ಬಗ್ಗೆ ಇನ್ನೂ ಹೇಳಿ," ಎಂದ.

ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳು ಹೇಳುತ್ತಾ ಹೋದಳು, ಇಳಿಯಬೇಕಾದ ಸ್ಟೇಷನ್ ದಾಟಿದ್ದೂ ಗೊತ್ತಾಗಲಿಲ್ಲ.

ಒಂದು ಶನಿವಾರ ಊರಿನ ಇನ್ನೊಂದು ತುದಿಯ ಡ್ಯಾಂಡಿನಾಂಗ್ ತನಕ ಹೋಗಿ ಜೋಳದ ಹಿಟ್ಟು ಹುಡುಕಿ ತಂದಳು. ಅವಳು ಬಡಿದ ರೊಟ್ಟಿಯನ್ನು ಮೀನು ಗಂಜಿಯ ಊರಿನವನು ಬಹಳ ಹೊತ್ತು ಅಗಿದ.

"ಇದಕ್ಕೆ ಬೇರೆ ಹಲ್ಲು ಬೇಕು ಮಾರಾಯ್ರೆ."

ವೇದಾವತಿ ನಕ್ಕುಬಿಟ್ಟಳು. ಆಮೇಲೆ ನಕ್ಕದ್ದಕ್ಕೆ ತನ್ನ ಮೇಲೆಯೇ ರೇಗಿಕೊಂಡಳು. ಇವನ ಎದುರು ನಗುವಷ್ಟು ಯಾವಾಗ ಸಡಿಲಾದೆ ನಾನು?

ಜೂನ್ ತಿಂಗಳ ಒಂದು ಭಾನುವಾರ ಕಾಲಿಂಗ್ ಕಾರ್ಡ್ ಹಾಕಿ ಮಾವನಿಗೆ ಫೋನ್ ಮಾಡಿದಳು. ಮಾತಿನ ನಡುವೆ ಬಾಯಿ ತಪ್ಪಿ ಬಂತು.

"ಮಾಮಾ, ಆ ಸುಕೇಶ್ ಇಲ್ಲೇ ಅದಾರ. ಅಷ್ಟೇನು ಕೆಟ್ಟಾಂವ ಅಲ್ಲ ಅನಸ್ತದ."

ಮಾವ ತಡವರಿಸಿದರು. "ಅಂವ ನಿನಗ ಏನರ ಹೇಳಿದನೇನು?"

"ಏನು ಹೇಳಬೇಕಿತ್ತು?"

"ವೇದಾ... ನಾನ ಹೋಗಿದ್ದೆವಾ ಬೆಂಗಳೂರಿಗೆ. ಹುಡುಗಿ ಲಗ್ನ ಐತಿ, ಆಕಿ ಬರೂದಿಲ್ಲ, ಹೆಸರು ತಗೀರಿ ಅಂತ ಆಯ್ಕಿ ಕಚೇರಿ ಪುರುಷೋತ್ತಮ ಸಾಹೇಬರಿಗೆ ನಾನ ಹೇಳಿ ಬಂದೆ. ಆ ಹುಡುಗ ಅಲ್ಲೇ ಕುಂತಿದ್ದ. ನಿನ್ನ ಮುಂದ ಹೇಳಬ್ಯಾಡಪಾ ಅಂತ ಅವನ ಕೈ ಹಿಡಕೊಂಡಿದ್ದೆ."

"ನನ್ನ ಒಂದು ಮಾತು ಕೇಳಬೇಕು ಅನಸಲಿಲ್ಲೇನು ಮಾಮಾ?"

"ನಿನ್ನ ಒಳ್ಳೇದಕ್ಕ..."

ಅವಳು ಫೋನ್ ಇಟ್ಟಳು. ಕಣ್ಣೀರು ಬರಲಿಲ್ಲ.

ಮರುದಿನ ಬೆಳಿಗ್ಗೆ ವೆರಿಬೀ ಸ್ಟೇಷನ್ನಿನಲ್ಲಿ ಸುಕೇಶನಿಗಾಗಿ ಕಾದು ನಿಂತಳು. ಅವನು ನಗುತ್ತಾ ಬಂದ. ಅವಳ ಮುಖ ಕಂಡು ನಗು ಆರಿತು.

"ನಿಮಗ ಎಲ್ಲಾ ಗೊತ್ತಿತ್ತು. ಹೌದಿಲ್ಲೋ?"

"...ಹೌದು."

"ಯಾಕ ಹೇಳಲಿಲ್ಲ? ನಮ್ಮ ಮಾಮಾನ ಮಾನ ಉಳಸಾಕೇನು? ದೊಡ್ಡ ತ್ಯಾಗೀನ ನೀವು?"

"ಅಲ್ಲ." ಅವನು ಅವಳ ಕಣ್ಣನ್ನೇ ನೋಡಿ ಹೇಳಿದ. "ನಿಮಗೆ ಒಂದು ಫೋನ್ ಮಾಡಿದ್ರೆ ಸಾಕಿತ್ತು. ನೀವು ಓಡಿ ಬರ್ತಿದ್ರಿ, ನನಗೆ ಸೀಟು ಸಿಕ್ತಿರಲಿಲ್ಲ. ಮೊದಲು ಆಸೆಗೆ ಸುಮ್ಮನಿದ್ದೆ. ಇಲ್ಲಿ ನಿಮ್ಮನ್ನು ನೋಡಿದ ಮೇಲೆ ಹೆದರಿ ಸುಮ್ಮನಿದ್ದೆ."

"ಯಾತಕ್ಕ ಹೆದರಿ?"

"ನೀವು ಮಾತು ಬಿಡ್ತೀರಿ ಅಂತ."

"ಬಿಟ್ಟೆ," ಎಂದಳು ವೇದಾವತಿ. ಬಂದ ಟ್ರೇನಿನಲ್ಲಿ ಬೇರೆ ಡಬ್ಬಿಗೆ ಹತ್ತಿದಳು.

ಏನಾದರೂ ಸುಳ್ಳು ಹೇಳಬಹುದಿತ್ತಲ್ಲ ಇವನು... ನಿಮ್ಮ ಮಾವನಿಗೆ ಮಾತು ಕೊಟ್ಟಿದ್ದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅದನ್ನೂ ಹೇಳಲಿಲ್ಲ. ಆ ಪ್ರಾಮಾಣಿಕತೆಯೇ ಅವಳನ್ನು ಇನ್ನಷ್ಟು ಸುಟ್ಟಿತು.

ಜುಲೈನಲ್ಲಿ ಸ್ಕಾಲರ್‌ಶಿಪ್ ಅಧಿಕಾರಿಗಳಿಗೆಲ್ಲ ಸಿಡ್ನಿಯಲ್ಲಿ ಕಾರ್ಯಾಗಾರ. ವರ್ಷದ ಕೊನೆಗೆ ಅಲ್ಲಿಯ ಒಂದು ಹಣಕಾಸು ಕಚೇರಿಯಲ್ಲಿ ತರಬೇತಿ ಪಡೆಯಲು ಕರ್ನಾಟಕದ ಒಬ್ಬರಿಗೆ ಅವಕಾಶವಿತ್ತು. ಸುಕೇಶ್, ವೇದಾವತಿ ಇಬ್ಬರೂ ಅರ್ಜಿ ಹಾಕಿದ್ದರು. ಊಟದ ಹೊತ್ತಿಗೆ ಸಂಚಾಲಕಿ ಬಂದು ಅವಳ ಕೈ ಕುಲುಕಿದರು. "ಸುಕೇಶ್ ಅರ್ಜಿ ಹಿಂತೆಗೆದುಕೊಂಡಿದ್ದಾರೆ. ತರಬೇತಿ ನಿಮಗೇ!"

ವೇದಾವತಿ ಊಟ ಬಿಟ್ಟು ಎದ್ದಳು.

ಸುಕೇಶ್ ಸರ್ಕ್ಯುಲರ್ ಕೀಯ ಕಟ್ಟೆಯ ಬಳಿ, ಫೆರ್ರಿಗಳು ಬಂದು ಹೋಗುವಲ್ಲಿ ಒಬ್ಬನೇ ನಿಂತಿದ್ದ. ಗಾಳಿಗೆ ಸೆರಗು ಹಾರುತ್ತಿದ್ದರೂ ಲೆಕ್ಕಿಸದೆ ಅವಳು ಎದುರು ಹೋಗಿ ನಿಂತಳು.

"ನಿಮ್ಮನ್ನ ಯಾರು ಕೇಳಿದ್ರು ಬಿಟ್ಟುಕೊಡ್ರಿ ಅಂತ?"

"ನಾನು ತೆಗೊಂಡದ್ದನ್ನು ವಾಪಸ್ ಕೊಡುವಾಂತ..."

"ಏನು ಕೊಡ್ತೀರಿ? ನನ್ನ ಒಂದು ವರ್ಷ ಕೊಡ್ತೀರೇನು?" ಅವಳ ದನಿ ಒಡೆಯಿತು. "ಮಾಮಾ ನನ್ನ ಕೇಳದ ಕಸಕೊಂಡ್ರು. ನೀವು ನನ್ನ ಕೇಳದ ಕೊಡಾಕ ಬಂದೀರಿ. ಇಬ್ಬರಿಗೂ ಏನು ಫರಕ್ ಐತಿ? ನಾ ಮನಷಾಳು ಅದೀನ್ರಿ. ನನಗ ಬಾಯಿ ಐತಿ. ಕೇಳಿದ್ರ ಹೇಳ್ತೀನಿ!"

ಸುಕೇಶ್ ಮೆಲ್ಲಗೆ ಕೇಳಿದ.

"ಈಗ ನಾನು ಎಂತ ಮಾಡಬೇಕು?"

"ಅರ್ಜಿ ತಿರುಗಿ ಹಾಕ್ರಿ. ಇಬ್ಬರೂ ಇಂಟರ್‌ವ್ಯೂ ಕೊಡೂಣು. ಯಾರಿಗೆ ಬರ್ತದ ಬರಲಿ. ನೀವು ಬೇಕಂತ ಸೋತ್ರ ಜನ್ಮದಾಗ ನಿಮ್ಮ ಮುಖಾ ನೋಡೂದಿಲ್ಲ."

"ಸೋಲುದಿಲ್ಲ. ನನಗೂ ಅದು ಬೇಕು. ತುಂಬಾ ಬೇಕು."

"ಹಾಂ, ಹಂಗ ಹೇಳ್ರಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತಾ.

ಇಂಟರ್‌ವ್ಯೂಗೆ ಸುಕೇಶ್ ನಿಜಕ್ಕೂ ಚೆನ್ನಾಗಿ ಓದಿಕೊಂಡು ಬಂದ. ಆದರೂ ತರಬೇತಿ ಸಿಕ್ಕಿದ್ದು ವೇದಾವತಿಗೆ. ಪಿಂಚಣಿ ಪಾವತಿಯ ಬಗ್ಗೆ ಅವಳು ಮಾತಾಡಿದ್ದನ್ನು ಸಂದರ್ಶಕರು ಮಧ್ಯೆ ತಡೆಯಲೇ ಇಲ್ಲವಂತೆ. ಫಲಿತಾಂಶ ಕೇಳಿ ಸುಕೇಶನ ಮುಖ ಬಾಡಿತು. ಅವನು ಅದನ್ನು ಮುಚ್ಚಿಡಲಿಲ್ಲ. ಉದಾರಿಯ ನಗು ನಗಲೂ ಇಲ್ಲ. ಅದಕ್ಕೇ ಅವಳಿಗೆ ಅವನು ಅಂದು ಬಹಳ ಇಷ್ಟವಾದ.

ಡಿಸೆಂಬರ್ ಬಂತು. ಅವನ ಓದು ಮುಗಿದಿತ್ತು. ಅವಳು ತರಬೇತಿಗೆ ಸಿಡ್ನಿಗೆ ಬಂದಾಗಿತ್ತು. ಅವನು ಊರಿಗೆ ಹೋಗುವ ವಿಮಾನವನ್ನು ಸಿಡ್ನಿಯಿಂದಲೇ ಬುಕ್ ಮಾಡಿಕೊಂಡಿದ್ದ.

ಏರ್‌ಪೋರ್ಟಿನಲ್ಲಿ ಚೆಕ್ ಇನ್ ಆಗಿಹೋಯಿತು. ಇಬ್ಬರೂ ಹವಾಮಾನದ ಮಾತಾಡಿದರು. ಬೆಂಗಳೂರಿನ ಟ್ರಾಫಿಕ್ಕಿನ ಮಾತಾಡಿದರು. ಇವನು ಹೀಗೇ ಹೋಗಿಬಿಡುತ್ತಾನಾ... ಮತ್ತೆ ನನ್ನ ಉತ್ತರ ತಾನೇ ಊಹಿಸಿಕೊಂಡು? ಅವಳಿಗೆ ಒಳಗೊಳಗೇ ಸಿಟ್ಟು ಕುದಿಯತೊಡಗಿತು.

ಎರಡು ಹೆಜ್ಜೆ ಹೋದವನು ತಿರುಗಿ ಬಂದ.

"ವೇದಾವತಿ, ನಿಮ್ಮ ಹತ್ರ ಒಂದು ಕೇಳ್ಲಿಕ್ಕುಂಟು. ನಂಗೆ ಉತ್ತರ ಗೊತ್ತಿಲ್ಲ. ನನ್ನನ್ನು ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿ ಬಂತು.

"ವಿಮಾನಕ್ಕ ಹೊತ್ತಾದ ಮ್ಯಾಲೆ ಕೇಳ್ತೀರಿ?"

"ಸಿಟ್ಟು ಬಂತಾ?"

"ಭಾಳ ಬಂತು." ಅವಳು ಅವನ ಕೈ ಹಿಡಿದುಕೊಂಡಳು. "ಆದ್ರೂ ಹೂಂ. ಆಗ್ತೀನಿ."

ಅವನು ಉಸಿರು ಬಿಟ್ಟ. ಆಮೇಲೆ ಅಳುಕುತ್ತಾ, "ನಿಮ್ಮ ಮಾಮಾನನ್ನು ಯಾರು ಕೇಳುದು?" ಎಂದ.

"ಕೇಳೂದಲ್ಲ," ಎಂದಳು ವೇದಾವತಿ, ಹಿಡಿದ ಕೈ ಬಿಡದೆ. "ನಾ ಅವರಿಗೆ ಹೇಳ್ತೀನಿ. ನೀವು ಬಾಜೂಕ ನಿಂತರ ಸಾಕು."